ಇಂಗ್ಲಿಷಿನ ‘ಇಟ್’ ಎಲ್ಲಿ ಕೂರುತ್ತದೆ

ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ ‘ದಿ ನರ್ಸ್ ಲುಕ್ಡ್ ಹಿಮ್ ಆಫ್ಟರ್’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಮೇಲೆ ‘ಲುಕ್ಡ್ ಆಫ್ಟರ್ ಹಿಮ್’ ಎಂದು ಬರೆದು, ಅರ್ಧ ಅಂಕ ಕಳೆದೆ. ಮುಂದಿನ ಪತ್ರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಏನೋ ನೆನಪಾಗಿ ಹಿಂದಿನದನ್ನು ಮತ್ತೆ ತೆಗೆದೆ. ಹದಿನೈದು ದಿನಗಳ ಹಿಂದೆ ಇದೇ ತರಗತಿಯಲ್ಲಿ ನಾನೇ ಕಪ್ಪುಹಲಗೆಯ ಮೇಲೆ ‘ಪಿಕ್ ಇಟ್ ಅಪ್’, ‘ಪುಟ್ ಇಟ್ ಆನ್’, ‘ಟೇಕ್ ಇಟ್ ಆಫ್’ ಎಂದು ಸಾಲಾಗಿ ಬರೆದು, ಸರ್ವನಾಮವು ಯಾವಾಗಲೂ ಮಧ್ಯದಲ್ಲಿ ಕೂರಬೇಕು ಎಂದು ಹೇಳಿ, ‘ಯಾವಾಗಲೂ’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಹುಡುಗಿ ಪಾಠವನ್ನು ನೆನಪಿಟ್ಟುಕೊಂಡೇ ತಪ್ಪು ಮಾಡಿದ್ದಳು.

ಉತ್ತರಪತ್ರಿಕೆ ಹಂಚಿದ ದಿನ ಅವಳು ಮೇಜಿನ ಬಳಿ ಬಂದು, ‘ಮೇಡಂ, ಮಧ್ಯದಲ್ಲಿ ಬರೀಬೇಕು ಅಂತ ನೀವೇ ಹೇಳಿದ್ರಲ್ಲ, ಇದು ಹೇಗೆ ತಪ್ಪಾಯ್ತು?’ ಎಂದು ಕೇಳಿದಳು. ಅಂಕ ಹೋದ ಬೇಸರಕ್ಕಿಂತ ನಿಯಮ ಕೈಕೊಟ್ಟಿತಲ್ಲ ಎಂಬ ಬೇಸರ ಅವಳ ದನಿಯಲ್ಲಿ ಹೆಚ್ಚಾಗಿತ್ತು. ‘ಲುಕ್ ಆಫ್ಟರ್’ ಬೇರೆ ಜಾತಿಯದು, ಅದನ್ನು ಹಾಗೆಯೇ ಬಾಯಿಪಾಠ ಮಾಡಿಕೋ ಎಂದು ಹೇಳಿ ಕಳುಹಿಸಿಬಿಟ್ಟೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳ ಬಾಯಿಂದ ಬರಬಾರದಾಗಿದ್ದ ಸೋಮಾರಿ ಉತ್ತರ ಅದು. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಅದು ಒಂದು ಪೀರಿಯಡ್ಡಿನಲ್ಲಿ ಮುಗಿಯುವಂಥದ್ದಲ್ಲ ಎಂಬುದು ಬರೆಯಲು ಕುಳಿತ ಮೇಲೆ ತಿಳಿಯಿತು.

ಇಂಗ್ಲಿಷಿನ ‘ಅಪ್’, ‘ಆನ್’, ‘ಆಫ್’, ‘ಓವರ್’, ‘ಥ್ರೂ’ ಮೊದಲಾದ ಗಿಡ್ಡ ಪದಗಳು ವಾಕ್ಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ನಿಲ್ಲುತ್ತವೆ. ಕೆಲವೊಮ್ಮೆ ಅವು ತಮ್ಮ ನಂತರ ಬರುವ ನಾಮಪದಕ್ಕೆ ಸೇರಿದವು. ನಮ್ಮಲ್ಲಿ ‘ಗೆ’, ‘ಅಲ್ಲಿ’, ‘ಮೇಲೆ’ ಎಂಬವು ನಾಮಪದದ ಕೊನೆಗೆ ಅಂಟಿಕೊಂಡು ಮಾಡುವ ಕೆಲಸವನ್ನು ಅವು ನಾಮಪದಕ್ಕಿಂತ ಮೊದಲೇ ನಿಂತು ಮಾಡುತ್ತವೆ. ಆಗ ಅವು ಪ್ರಿಪೋಸಿಷನ್. ಇನ್ನು ಕೆಲವೊಮ್ಮೆ ಅದೇ ಪದಗಳು ನಾಮಪದದ ಗೊಡವೆಗೇ ಹೋಗದೆ, ಹಿಂದಿರುವ ಕ್ರಿಯಾಪದದೊಂದಿಗೆ ಸಂಸಾರ ಹೂಡಿ ಹೊಸ ಅರ್ಥವೊಂದನ್ನು ಹುಟ್ಟಿಸುತ್ತವೆ. ಆಗ ವ್ಯಾಕರಣಕಾರರು ಅವನ್ನು ಪಾರ್ಟಿಕಲ್ ಎನ್ನುತ್ತಾರೆ. ತೊಂದರೆ ಏನೆಂದರೆ, ಹೊರಗಿನಿಂದ ನೋಡಿದರೆ ಇವೆರಡಕ್ಕೂ ಒಂದೇ ಮುಖ.

‘ಹಿ ರ್‍ಯಾನ್ ಅಪ್ ದಿ ಹಿಲ್’ ಎಂದರೆ ಅವನು ಗುಡ್ಡದ ಮೇಲಕ್ಕೆ ಓಡಿದ. ‘ಹಿ ರ್‍ಯಾನ್ ಅಪ್ ಎ ಬಿಲ್’ ಎಂದರೆ ಅವನು ಅಂಗಡಿಯಲ್ಲೋ ಹೋಟೆಲಿನಲ್ಲೋ ಬಾಕಿ ಬೆಳೆಸಿದ. ಬರೆದಾಗ ಎರಡರ ಮೈಕಟ್ಟೂ ಒಂದೇ. ಗುಡ್ಡ ಮತ್ತು ಬಾಕಿಗಳನ್ನು ತೆಗೆದು ಆ ಜಾಗಕ್ಕೆ ‘ಇಟ್’ ತಂದು ನೋಡಿದರೆ ವೇಷ ಕಳಚುತ್ತದೆ: ಗುಡ್ಡವಾದರೆ ‘ರ್‍ಯಾನ್ ಅಪ್ ಇಟ್’, ಬಾಕಿಯಾದರೆ ‘ರ್‍ಯಾನ್ ಇಟ್ ಅಪ್’. ಮೊದಲನೆಯದರಲ್ಲಿ ‘ಅಪ್’ ಗುಡ್ಡಕ್ಕೆ ಸೇರಿದ್ದರಿಂದ ಗುಡ್ಡದ ಬದಲಿಗೆ ಬಂದ ‘ಇಟ್’ ಅನ್ನು ಅದು ಬಿಟ್ಟುಕೊಡುವುದಿಲ್ಲ. ಎರಡನೆಯದರಲ್ಲಿ ‘ಅಪ್’ ಕ್ರಿಯಾಪದದ ಬಾಲ. ಆ ಬಾಲಕ್ಕೂ ಕ್ರಿಯಾಪದಕ್ಕೂ ನಡುವೆ ‘ಇಟ್’ ನುಸುಳಿ ಕೂರುತ್ತದೆ. ಪೂರ್ಣ ನಾಮಪದ ಮುಚ್ಚಿಟ್ಟ ಗುಟ್ಟನ್ನು ಇಷ್ಟು ಚಿಕ್ಕ ಸರ್ವನಾಮ ಬಯಲು ಮಾಡುವುದು ನನಗೆ ಇಂದಿಗೂ ಸೋಜಿಗವೇ.

ಅರ್ಥವೇ ಬುಡಮೇಲಾಗುವ ಜೋಡಿಗಳೂ ಇವೆ. ‘ಸೀ ಥ್ರೂ ಇಟ್’ ಎಂದರೆ ಯಾರದೋ ನಾಟಕದ, ಸುಳ್ಳಿನ ಒಳಗುಟ್ಟನ್ನು ಅರಿಯುವುದು. ‘ಸೀ ಇಟ್ ಥ್ರೂ’ ಎಂದರೆ ಹಿಡಿದ ಕೆಲಸವನ್ನು ದಡ ಮುಟ್ಟಿಸುವುದು. ‘ದಿ ಡಾಗ್ ಟರ್ನ್ಡ್ ಆನ್ ಹಿಮ್’ ಎಂದರೆ ನಾಯಿ ಅವನ ಮೇಲೆಯೇ ತಿರುಗಿಬಿತ್ತು. ‘ಹಿ ಟರ್ನ್ಡ್ ಇಟ್ ಆನ್’ ಎಂದರೆ ಅವನು ಫ್ಯಾನೋ ದೀಪವೋ ಹಾಕಿದ. ‘ಗೆಟ್ ಓವರ್ ಇಟ್’ ಎಂದು ಹೇಳಿದರೆ ಆದದ್ದನ್ನು ಮರೆತು ಚೇತರಿಸಿಕೋ ಎಂದು ಸಮಾಧಾನ ಹೇಳಿದಂತೆ. ‘ಗೆಟ್ ಇಟ್ ಓವರ್ ವಿತ್’ ಎಂದರೆ ಬೇಡದ ಕೆಲಸವನ್ನು ಬೇಗ ಮುಗಿಸಿ ಕೈತೊಳೆದುಕೋ ಎಂದಂತೆ. ಇವುಗಳಲ್ಲಿ ಪದಗಳು ಹೆಚ್ಚುಕಡಿಮೆ ಅವೇ. ಬದಲಾದದ್ದು ‘ಇಟ್’ ಕುಳಿತ ಜಾಗ.

ಹಾಗಾದರೆ ‘ಲುಕ್ ಆಫ್ಟರ್’ ಎಂಬಲ್ಲಿ ‘ಆಫ್ಟರ್’ ಯಾವುದು? ಅದು ಪ್ರಿಪೋಸಿಷನ್. ‘ನೋಡಿಕೊಳ್ಳು’ ಎಂಬ ಹೊಸ ಅರ್ಥ ಹುಟ್ಟಿದೆ ನಿಜ, ಆದರೆ ಅರ್ಥ ಎಷ್ಟು ಹೊಸದಾದರೂ ‘ಆಫ್ಟರ್’ ತನ್ನ ಹಳೆಯ ಸ್ವಭಾವವನ್ನು ಬಿಟ್ಟಿಲ್ಲ. ಅದು ತನ್ನ ನಂತರ ಬರುವ ಪದವನ್ನು ಹಿಡಿದೇ ಇರುತ್ತದೆ. ನಾನು ತರಗತಿಯಲ್ಲಿ ಮಾಡಿದ ತಪ್ಪು ಇಲ್ಲಿಯೇ ಇತ್ತು. ಎಸ್ಸೆಸ್ಸೆಲ್ಸಿಯ ಗೈಡುಗಳಲ್ಲಿ ಇವೆಲ್ಲವೂ ‘ಫ್ರೇಸಲ್ ವರ್ಬ್ಸ್’ ಎಂಬ ಒಂದೇ ತಲೆಬರಹದ ಕೆಳಗೆ, ಎಡಕ್ಕೆ ಪದ ಬಲಕ್ಕೆ ಅರ್ಥ ಎಂಬ ಪಟ್ಟಿಯಾಗಿ ಬರುತ್ತವೆ. ‘ಪಿಕ್ ಅಪ್’ ಮತ್ತು ‘ಲುಕ್ ಆಫ್ಟರ್’ ಆ ಪಟ್ಟಿಯಲ್ಲಿ ಅಣ್ಣತಮ್ಮಂದಿರಂತೆ ಒಂದರ ಕೆಳಗೊಂದು ಕೂತಿರುತ್ತವೆ. ಅವೆರಡರ ಗುಣ ಬೇರೆ ಎಂದು ಪಟ್ಟಿ ಎಲ್ಲಿಯೂ ಹೇಳುವುದಿಲ್ಲ.

ಕಣ್ಣಿಗೆ ಕಾಣದ ಈ ವ್ಯತ್ಯಾಸ ಕಿವಿಗೆ ಮಾತ್ರ ಕೇಳಿಸುತ್ತದೆ. ಪಾರ್ಟಿಕಲ್ಲಿನ ಮೇಲೆ ಒತ್ತು ಬೀಳುತ್ತದೆ, ಪ್ರಿಪೋಸಿಷನ್ನಿನ ಮೇಲೆ ಸಾಮಾನ್ಯವಾಗಿ ಬೀಳುವುದಿಲ್ಲ. ‘ಲುಕ್ ಅಟ್ ಇಟ್’ ಎನ್ನುವಾಗ ದನಿಯ ಭಾರವೆಲ್ಲ ‘ಲುಕ್’ ಮೇಲಿದ್ದು ‘ಅಟ್’ ಬಾಡಿಹೋಗುತ್ತದೆ. ‘ಪಿಕ್ ಇಟ್ ಅಪ್’ ಎನ್ನುವಾಗ ಕೊನೆಯ ‘ಅಪ್’ ಎದ್ದು ನಿಲ್ಲುತ್ತದೆ. ಇಲ್ಲಿ ‘ಇಟ್’ ಎಂಬುದರ ಗತಿಯನ್ನೂ ಕೇಳಿಸಿಕೊಳ್ಳಬೇಕು. ಇಂಗ್ಲಿಷ್ ಮನೆಮಾತಿನವರು ಮೂರು ಪದಗಳನ್ನು ಬಿಡಿಸಿ ಹೇಳುವುದೇ ಇಲ್ಲ. ಅವರ ಬಾಯಲ್ಲಿ ಅದು ‘ಪಿಕಿಟಪ್’ ಎಂಬ ಒಂದೇ ಪದ. ಹಾಗೆಯೇ ‘ಪುಟಿಟಾನ್’, ‘ಟೇಕಿಟಾಫ್’. ‘ಟೆಲ್ ಹರ್’ ಎಂಬುದು ‘ಟೆಲರ್’ ಆಗುತ್ತದೆ, ‘ಗಿವ್ ಹಿಮ್’ ಎಂಬುದು ‘ಗಿವಿಮ್’. ನಾವು ‘ತೆಗೆದುಕೋ’ ಎಂದು ಬರೆದು ‘ತಗೋ’ ಎನ್ನುವುದಿಲ್ಲವೇ, ಹಾಗೆ.

ಸರ್ವನಾಮ ಮಧ್ಯದಲ್ಲಿ ಕೂರಲು ಕಾರಣವೂ ಈ ನಿತ್ರಾಣವೇ. ಒತ್ತಿಲ್ಲದ ಪದ ತನ್ನ ಕಾಲ ಮೇಲೆ ನಿಲ್ಲಲಾರದು, ಕ್ರಿಯಾಪದಕ್ಕೆ ಒರಗಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಇಂಗ್ಲಿಷ್ ವಾಕ್ಯ ಹೊಸ ಸುದ್ದಿಯನ್ನು, ಭಾರವಾದ ಮಾತನ್ನು ಕೊನೆಗೆ ಇಡಲು ಇಷ್ಟಪಡುತ್ತದೆ. ‘ಇಟ್’ ಎಂದಾಗ ಯಾವುದು ಎಂದು ಕೇಳುವವನಿಗೆ ಆಗಲೇ ಗೊತ್ತಿರುತ್ತದೆ, ಅದರಲ್ಲಿ ಸುದ್ದಿಯೇನೂ ಇಲ್ಲ. ಆದ್ದರಿಂದ ‘ಪಿಕ್ ಅಪ್ ಇಟ್’ ಎಂದರೆ ಅವರ ಕಿವಿಗೆ ವಾಕ್ಯದ ಗೌರವದ ಪೀಠದಲ್ಲಿ ಯಾರೋ ಪುಟ್ಟ ಹುಡುಗನನ್ನು ಕೂರಿಸಿದಂತೆ ಕೇಳಿಸುತ್ತದೆ. ‘ದಿ ಬುಕ್’ ಎಂಬಷ್ಟು ಮಧ್ಯಮ ಭಾರದ ಪದವಾದರೆ ಎರಡೂ ಕಡೆ ಜಾಗವಿದೆ: ‘ಪಿಕ್ ದಿ ಬುಕ್ ಅಪ್’ ಎಂದರೂ ಆಯಿತು, ‘ಪಿಕ್ ಅಪ್ ದಿ ಬುಕ್’ ಎಂದರೂ ಆಯಿತು. ಹಿಂದಿನ ಬೆಂಚಿನ ಕೆಳಗೆ ಬಿದ್ದ, ರಟ್ಟು ಹರಿದ, ನಿನ್ನೆ ತಂದ ಪುಸ್ತಕ ಎಂದು ಕರ್ಮಪದ ಬೆಳೆಯುತ್ತ ಹೋದರೆ ಮಾತ್ರ ಅದನ್ನು ಮಧ್ಯೆ ತುರುಕುವಂತಿಲ್ಲ. ‘ಅಪ್’ ಕೇಳುವ ಹೊತ್ತಿಗೆ ಕೇಳುವವನು ಕ್ರಿಯಾಪದವನ್ನೇ ಮರೆತಿರುತ್ತಾನೆ. ಹಗುರವಾದದ್ದು ಮಧ್ಯಕ್ಕೆ, ಭಾರವಾದದ್ದು ಕೊನೆಗೆ. ‘ಯಾವಾಗಲೂ’ ಎಂಬ ಪದಕ್ಕಿಂತ ಇದನ್ನು ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಇದು ಪರದೇಶಿಗಳನ್ನು ಕಾಡುವ ಸಂಗತಿ ಎಂಬುದು ಹೊಸ ಮಾತೇನಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಸೇರಿ ಅರ್ಥವನ್ನೇ ಬದಲಿಸುವ ಈ ಪದ್ಧತಿ ಹೊರಗಿನವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದು ಅದರ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಮಾತ್ರ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕವೊಂದರಲ್ಲಿ. ಆ ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ. ತೊಡಕಿಗೆ ಹೆಸರಿಡಲು ಅವರಿಗೇ ಅಷ್ಟು ಕಾಲ ಹಿಡಿಯಿತು.

ಆದರೆ ನಮ್ಮ ಮಕ್ಕಳಿಗೆ ಇಂಥ ಕ್ರಿಯಾಪದಗಳು ಅಪರಿಚಿತವೇನಲ್ಲ, ಮನೆಯಲ್ಲಿಯೇ ಇವೆ. ‘ಹೇಳು’ ಎಂಬುದನ್ನೇ ತೆಗೆದುಕೊಳ್ಳಿ. ಹೇಳಿಕೊಡು ಎಂದರೆ ಕಲಿಸು. ಹೇಳಿಕೊಳ್ಳು ಎಂದರೆ ಕಷ್ಟಸುಖ ತೋಡಿಕೊಳ್ಳು. ಹೇಳಿಬಿಡು ಎಂದರೆ ಹಿಂದುಮುಂದು ನೋಡದೆ ಹೇಳು. ಹೇಳಿಕಳಿಸು ಎಂದರೆ ಇನ್ನೊಬ್ಬರ ಮೂಲಕ ಸುದ್ದಿ ಮುಟ್ಟಿಸು. ಕೊಡು, ಕೊಳ್ಳು, ಬಿಡು, ಕಳಿಸು ಎಂಬವು ಇಲ್ಲಿ ತಮ್ಮ ಮೂಲ ಅರ್ಥವನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ‘ಹೇಳು’ವಿಗೆ ಬಣ್ಣ ಹಚ್ಚುತ್ತಿವೆ. ‘ಈಟ್ ಇಟ್ ಅಪ್’ ಎಂಬುದನ್ನು ‘ಅದನ್ನು ತಿಂದುಬಿಡು’ ಎಂದೂ ‘ಬರ್ನ್ಡ್ ಡೌನ್’ ಎಂಬುದನ್ನು ‘ಸುಟ್ಟುಹೋಯಿತು’ ಎಂದೂ ಹೇಳಿದರೆ ಎಂಟನೆಯ ತರಗತಿಯ ಮಗುವಿಗೂ ‘ಅಪ್’, ‘ಡೌನ್’ಗಳ ಕೆಲಸ ಅರ್ಥವಾಗುತ್ತದೆ. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಕೆಲಸ ಪೂರ್ತಿಯಾಯಿತು ಎಂಬುದಷ್ಟೇ ಇದೆ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಮತ್ತು ಅದು ನಿಲ್ಲುವ ಜಾಗವೇ ನನಗೆ ಮುಖ್ಯವಾಗಿ ಕಂಡದ್ದು. ಕನ್ನಡದಲ್ಲಿ ‘ಅದನ್ನು ಹೇಳಿಕೊಡು’ ಎಂದಾಗ ಕಲಿಸು ಎಂಬ ಒಂದೇ ಅರ್ಥ. ಅದೇ ‘ಅದನ್ನು’ ಎಂಬುದನ್ನು ನಡುವೆ ತಂದು ‘ಹೇಳಿ ಅದನ್ನು ಕೊಡು’ ಎಂದರೆ ಸಂಸಾರ ಮುರಿಯುತ್ತದೆ. ಮೊದಲು ಏನನ್ನೋ ಹೇಳು, ಆಮೇಲೆ ಆ ವಸ್ತುವನ್ನು ಕೊಡು ಎಂಬ ಎರಡು ಕೆಲಸಗಳಾಗುತ್ತವೆ. ‘ಹೇಳಿಯೇ ಕೊಟ್ಟೆ’, ‘ಹೇಳಿಯೂ ಕೊಟ್ಟೆ’ ಎಂಬಲ್ಲಿ ಏ, ಊ ಎಂಬ ಪುಟ್ಟ ಅವ್ಯಯಗಳಿಗೆ ಮಾತ್ರ ಒಳಗೆ ಪ್ರವೇಶವುಂಟು, ಕರ್ಮಪದಕ್ಕೆ ಇಲ್ಲ. ಇಂಗ್ಲಿಷಿನಲ್ಲಿ ನಡೆಯುವುದು ಇದಕ್ಕೆ ನೇರ ವಿರುದ್ಧ: ನಡುವೆ ‘ಇಟ್’ ಬಂದು ಕೂರುವುದೇ ಆ ಎರಡು ಪದಗಳು ಒಂದೇ ಎಂಬುದಕ್ಕೆ ಸಾಕ್ಷಿ. ನಮ್ಮ ಮಕ್ಕಳು ‘ಪಿಕ್ ಅಪ್ ಇಟ್’ ಎಂದು ಬರೆಯುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಒಂದಾದ ಮಾತನ್ನು ಕರ್ಮಪದದಿಂದ ಸೀಳಬಾರದು ಎಂಬ ಶಿಸ್ತನ್ನು ಅವರು ತಾಯ ಮೊಲೆಹಾಲಿನೊಂದಿಗೇ ಕುಡಿದು ಬಂದಿದ್ದಾರೆ.

ಇನ್ನೊಂದು ಬಗೆಯ ತಪ್ಪು ವಿಭಕ್ತಿಯಿಂದ ಹುಟ್ಟುವುದು, ಮತ್ತು ಅದನ್ನು ನಾನು ಸ್ವತಃ ಮಾಡಿ ಪೆಟ್ಟು ತಿಂದಿದ್ದೇನೆ. ಪದವಿಯಲ್ಲಿದ್ದಾಗ ಹಾಜರಾತಿಯ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು, ಕೊನೆಯಲ್ಲಿ ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿ ರೀಸನ್’ ಎಂದು ಸೇರಿಸಿದ್ದೆ. ಅದನ್ನು ಓದಿದ ಉಪನ್ಯಾಸಕರೊಬ್ಬರು, ‘ನಿಮ್ಮನ್ನು ವಿವರಿಸುವುದು ನನ್ನಿಂದಾಗದ ಕೆಲಸ’ ಎಂದು ಇಂಗ್ಲಿಷಿನಲ್ಲಿಯೇ ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ತಪ್ಪು ಏನೆಂದು ಹೇಳಲಿಲ್ಲ. ‘ಟೆಲ್ ಮಿ’ ಸರಿ, ‘ಶೋ ಮಿ’ ಸರಿ, ‘ಗಿವ್ ಮಿ’ ಸರಿ. ‘ಎಕ್ಸ್‌ಪ್ಲೇನ್ ಮಿ’ ಮಾತ್ರ ಏಕೆ ನಗೆಪಾಟಲಾಯಿತು ಎಂದು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ತಲೆಕೆಡಿಸಿಕೊಂಡಿದ್ದೆ. ‘ನನಗೆ ಹೇಳಿ’, ‘ನನಗೆ ತೋರಿಸಿ’, ‘ನನಗೆ ವಿವರಿಸಿ’ ಎಂದು ಕನ್ನಡದಲ್ಲಿ ಮೂರಕ್ಕೂ ಒಂದೇ ‘ನನಗೆ’ ಸಾಲುತ್ತದೆ.

ಉತ್ತರ ಸಿಗಬೇಕಾದರೆ ಇಂಗ್ಲಿಷಿಗೂ ಒಂದು ಕಾಲದಲ್ಲಿ ವಿಭಕ್ತಿಗಳಿದ್ದವು ಎಂಬುದನ್ನು ತಿಳಿಯಬೇಕು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಅವನನ್ನು’ ಎನ್ನಲು ‘ಹಿನೆ’ ಎಂದೂ ‘ಅವನಿಗೆ’ ಎನ್ನಲು ‘ಹಿಮ್’ ಎಂದೂ ಬೇರೆ ಬೇರೆ ರೂಪಗಳಿದ್ದವು. ಕಾಲಕ್ರಮದಲ್ಲಿ ‘ಹಿನೆ’ ಬಿದ್ದುಹೋಗಿ, ಚತುರ್ಥಿಯ ‘ಹಿಮ್’ ಎಂಬುದೇ ದ್ವಿತೀಯೆಯ ಕೆಲಸವನ್ನೂ ಹೊತ್ತುಕೊಂಡಿತು. ‘ಹರ್’ ಎಂಬುದರ ಕಥೆಯೂ ಅದೇ. ‘ದೆಮ್’ ಎಂಬುದಂತೂ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ನುಡಿಯ ಚತುರ್ಥಿ ರೂಪ. ನಮ್ಮಲ್ಲಿ ನಾನು, ನನ್ನನ್ನು, ನನ್ನಿಂದ, ನನಗೆ, ನನ್ನ, ನನ್ನಲ್ಲಿ ಎಂದು ಒಂದೊಂದು ಸಂಬಂಧಕ್ಕೆ ಒಂದೊಂದು ರೂಪವಿರುವಾಗ, ಇಂದಿನ ಇಂಗ್ಲಿಷಿಗೆ ‘ನನ್ನನ್ನು’ ಎನ್ನಲೂ ‘ನನಗೆ’ ಎನ್ನಲೂ ಇರುವುದು ‘ಮಿ’ ಒಂದೇ. ‘ಯೂ’, ‘ಇಟ್’ಗಳಂತೂ ಕರ್ತೃವಾಗಿದ್ದಾಗ ಹೇಗೋ ಕರ್ಮವಾದಾಗಲೂ ಹಾಗೆಯೇ. ರೂಪ ಹೇಳಲಾರದ್ದನ್ನು ಜಾಗ ಹೇಳಬೇಕಾಯಿತು, ಅಥವಾ ‘ಟು’, ‘ಫಾರ್’, ‘ಅಟ್’ಗಳು ಹೇಳಬೇಕಾಯಿತು.

‘ಗಿವ್ ಮಿ’, ‘ಟೆಲ್ ಮಿ’ಗಳಲ್ಲಿ ‘ಟು’ ಇಲ್ಲದಿರುವುದು ಆ ಹಳೆಯ ಚತುರ್ಥಿಯ ಪಳೆಯುಳಿಕೆ. ಅವು ಇಂಗ್ಲಿಷಿನ ಮೂಲ ಬೇರಿನ ಕ್ರಿಯಾಪದಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ, ಮುಂದೆ ಲ್ಯಾಟಿನ್ನಿನಿಂದ ಬಂದು ಸೇರಿದ ‘ಎಕ್ಸ್‌ಪ್ಲೇನ್’, ‘ಡಿಸ್‌ಕ್ರೈಬ್’, ‘ಸಜೆಸ್ಟ್’, ‘ಡೊನೇಟ್’ಗಳಿಗೆ ಆ ಮನೆತನದ ಹಕ್ಕು ಸಿಗಲಿಲ್ಲ; ಅವು ವ್ಯಕ್ತಿಯನ್ನು ತಲುಪಲು ‘ಟು’ ಎಂಬ ಮೆಟ್ಟಿಲನ್ನು ತುಳಿದೇ ಬರಬೇಕು. ‘ಪ್ರಾಮಿಸ್ ಮಿ’ ಎಂಬಂಥ ಅಪವಾದಗಳಿವೆ, ಆದರೂ ಲೆಕ್ಕ ಹೆಚ್ಚಾಗಿ ಹೀಗೆಯೇ ಕೂಡುತ್ತದೆ. ‘ಎಕ್ಸ್‌ಪ್ಲೇನ್’ ಎಂಬುದರ ಲ್ಯಾಟಿನ್ ಮೂಲದ ಅರ್ಥ ಸಮತಟ್ಟು ಮಾಡು ಎಂದು. ಮಾತಿನ ಹಳ್ಳದಿಣ್ಣೆಗಳನ್ನು ನನಗಾಗಿ ಸಮ ಮಾಡಿ ಎನ್ನಬೇಕಾದ ಕಡೆ ನನ್ನನ್ನೇ ಹಾಸಿ ಸಮ ಮಾಡಿ ಎಂದು ಅರ್ಜಿ ಕೊಟ್ಟಿದ್ದೆನೆಂದು ತಿಳಿದಾಗ, ಆ ಉಪನ್ಯಾಸಕರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ.

ಹಳೆಯ ಇಂಗ್ಲಿಷ್ ನಮಗೆ ಎಷ್ಟು ಹತ್ತಿರವಿತ್ತೆಂದರೆ, ‘ನನಗೆ ಅನ್ನಿಸುತ್ತದೆ’ ಎಂಬ ನಮ್ಮ ಮಾತಿನ ಅಚ್ಚೇ ಅಲ್ಲಿತ್ತು. ‘ಮಿಥಿಂಕ್ಸ್’ ಎಂಬ ಹಳೆಯ ಪದವನ್ನು ನಾಟಕ ಓದಿದವರು ಕಂಡಿರುತ್ತಾರೆ. ಅದರಲ್ಲಿರುವ ‘ಮಿ’ ಚತುರ್ಥಿ, ‘ಥಿಂಕ್ಸ್’ ಎಂಬುದು ತೋರು, ಅನ್ನಿಸು ಎಂಬ ಅರ್ಥದ ಬೇರೊಂದು ಕ್ರಿಯಾಪದ. ‘ಲೈಕ್’ ಕೂಡ ಮೊದಲು ‘ನನಗೆ ಹಿಡಿಸುತ್ತದೆ’ ಎಂಬ ರೀತಿಯಲ್ಲಿಯೇ ಚತುರ್ಥಿಯನ್ನು ಬೇಡುತ್ತಿತ್ತು. ಆಮೇಲೆ ‘ಐ’ ಬಂದು ಎಲ್ಲ ಕಡೆಯೂ ಯಜಮಾನನಾಗಿ ಕುಳಿತ. ನಮ್ಮಲ್ಲಿ ಇಷ್ಟ, ಹಸಿವು, ನೆನಪು, ಜ್ವರ ಎಲ್ಲವೂ ಇನ್ನೂ ‘ನನಗೆ’ ಬರುತ್ತವೆ, ನಾನು ಅವುಗಳ ಯಜಮಾನನಲ್ಲ.

ವಿಭಕ್ತಿ ಇದ್ದ ಮಾತ್ರಕ್ಕೆ ಎಲ್ಲವೂ ಸಲೀಸು ಎಂದೇನೂ ಇಲ್ಲ. ಬೆಟ್ಟವನ್ನು ಹತ್ತಿದ, ಬೆಟ್ಟಕ್ಕೆ ಹತ್ತಿದ. ಊರನ್ನು ಸೇರಿದ, ಊರಿಗೆ ಸೇರಿದ ಎಂಬ ಜೋಡಿಗಳನ್ನು ತೋರಿಸಿ ನಮ್ಮ ವ್ಯಾಕರಣಕಾರರು ಇದಕ್ಕೆ ವಿಭಕ್ತಿ ಪಲ್ಲಟ ಎಂದು ಹೆಸರಿಟ್ಟರು. ಅಲ್ಲಿ ಅರ್ಥ ಕೆಡುವುದಿಲ್ಲ. ಆದರೆ ಬಸ್ಸಿಗೆ ಕಾಯುವುದೇ ಬೇರೆ, ಬಸ್ಸನ್ನು ಕಾಯುವುದೇ ಬೇರೆ. ಮೊದಲನೆಯದು ಪ್ರಯಾಣಿಕನ ಪಾಡು, ಎರಡನೆಯದು ರಾತ್ರಿಪಾಳಿಯ ಕಾವಲುಗಾರನದು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು, ಮತ್ತು ‘ವೇಟ್ ಫಾರ್ ಹಿಮ್’ ಎಂದರೆ ಅವನಿಗಾಗಿ ಕಾಯುವುದು, ‘ವೇಟ್ ಆನ್ ಹಿಮ್’ ಎಂದರೆ ಅವನಿಗೆ ಉಪಚಾರ ಮಾಡುವುದು, ಊಟ ಬಡಿಸುವುದು ಎಂದು ವಿವರಿಸಲು ಆಮೇಲೆ ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ.

‘ಡಿಸ್ಕಸ್ ಅಬೌಟ್ ಇಟ್’ ಎಂಬುದು ಕಚೇರಿಗಳಲ್ಲಿ, ಸಭೆಗಳಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿಯೂ ದಿನನಿತ್ಯ ಕೇಳುವ ಮಾತು. ‘ಅದರ ಬಗ್ಗೆ ಚರ್ಚಿಸೋಣ’ ಎಂಬುದರ ನೆರಳು ಅದು ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ತಪ್ಪಿನ ಅರ್ಧ ಪಾಲು ಇಂಗ್ಲಿಷಿನದೂ ಹೌದು. ‘ಡಿಸ್ಕಷನ್’ ಎಂಬ ನಾಮಪದವಾದರೆ ‘ಅಬೌಟ್ ಇಟ್’ ಬೇಕೇ ಬೇಕು, ‘ಡಿಸ್ಕಸ್’ ಎಂಬ ಕ್ರಿಯಾಪದವಾದರೆ ಬೇಡವೇ ಬೇಡ. ‘ಎ ರಿಕ್ವೆಸ್ಟ್ ಫಾರ್ ಇಟ್’ ಸರಿ, ಕ್ರಿಯಾಪದವಾದಾಗ ‘ರಿಕ್ವೆಸ್ಟ್ ಇಟ್’. ‘ಎಂಫಸಿಸ್ ಆನ್ ಇಟ್’ ಸರಿ, ಆದರೆ ‘ಎಂಫಸೈಜ್ ಇಟ್’. ನಾಮಪದಕ್ಕೆ ಕರ್ಮವನ್ನು ನೇರವಾಗಿ ಹಿಡಿಯುವ ಕೈಯಿಲ್ಲ, ಪ್ರಿಪೋಸಿಷನ್ ಎಂಬ ಇಕ್ಕಳ ಬೇಕು. ಕ್ರಿಯಾಪದ ಬರಿಗೈಯಲ್ಲಿಯೇ ಹಿಡಿಯುತ್ತದೆ. ಇಷ್ಟನ್ನು ತಿಳಿದ ಮೇಲೆ ಇಂಥ ಏಳೆಂಟು ತಪ್ಪುಗಳು ನನ್ನ ಬರವಣಿಗೆಯಿಂದ ತಾವಾಗಿಯೇ ಬಿಟ್ಟುಹೋದವು.

ಸರ್ವನಾಮವನ್ನು ತಪ್ಪು ಜಾಗದಲ್ಲಿ ಇಡುವುದಕ್ಕಿಂತ, ಅದನ್ನು ಇಡದೆಯೇ ಹೋಗುವುದು ನಮ್ಮ ಮಕ್ಕಳಲ್ಲಿ ಹೆಚ್ಚು. ‘ಪುಸ್ತಕ ತಂದೆಯಾ?’ ‘ತಂದೆ.’ ಕನ್ನಡದಲ್ಲಿ ಇಷ್ಟೇ ಸಾಕು, ‘ಅದನ್ನು ತಂದೆ’ ಎಂದರೆ ಮಾತು ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ‘ಐ ಬ್ರಾಟ್’ ಎಂದು ನಿಲ್ಲಿಸಿದರೆ ವಾಕ್ಯ ಒಂಟಿಕಾಲಲ್ಲಿ ನಿಂತಿರುತ್ತದೆ. ಒಮ್ಮೆ ಹೋಮ್‌ವರ್ಕ್ ಪುಸ್ತಕ ಎಲ್ಲಿ ಎಂದು ಕೇಳಿದಾಗ ಹುಡುಗನೊಬ್ಬ ‘ಮೇಡಂ, ಐ ಲೆಫ್ಟ್ ಅಟ್ ಹೋಮ್’ ಎಂದ. ಮನೆಯಲ್ಲಿ ಬಿಟ್ಟುಬಂದೆ ಎಂಬುದು ಅವನ ಭಾವ. ‘ಇಟ್’ ಇಲ್ಲದ ಕಾರಣ ಪುಸ್ತಕ ವಾಕ್ಯದಿಂದಲೇ ಮಾಯವಾಗಿ, ಹೊರಟವನು ಹುಡುಗನೇ ಆದ. ಇಷ್ಟರ ನಡುವೆ ‘ಐ ಫರ್ಗಾಟ್’, ‘ಐ ನೋ’ ಎಂಬವು ‘ಇಟ್’ ಇಲ್ಲದೆಯೂ ಸರಿಯಾಗಿಯೇ ಇವೆ ಎಂದು ಅವರಿಗೆ ಹೇಗೆ ಹೇಳುವುದು? ಕೆಲವು ಕ್ರಿಯಾಪದಗಳಿಗೆ ಈ ಸಲಿಗೆ ಉಂಟು, ಹೆಚ್ಚಿನವಕ್ಕೆ ಇಲ್ಲ ಎಂದು ಹೇಳಿ ಮುಂದೆ ಹೋಗುತ್ತೇನೆ.

‘ನಾನು ಬರೆದ ಪೆನ್ನು’ ಎಂಬಲ್ಲಿಯೂ ಇಂಥದ್ದೇ ನಷ್ಟ. ಪೆನ್ನಿನಿಂದ ಬರೆದೆ ಎಂಬಲ್ಲಿದ್ದ ‘ಇಂದ’ ಕೃದಂತದ ಬಾಗಿಲು ದಾಟುವಾಗ ನಮ್ಮಲ್ಲಿ ಕರಗಿಹೋಗುತ್ತದೆ, ಯಾರೂ ಹುಡುಕುವುದಿಲ್ಲ. ಇಂಗ್ಲಿಷ್ ಆ ‘ವಿತ್’ ಎಂಬುದನ್ನು ಬಿಡದೆ ಕೊನೆಯಲ್ಲಾದರೂ ನೇತುಹಾಕುತ್ತದೆ: ‘ದಿ ಪೆನ್ ಐ ರೋಟ್ ವಿತ್’. ವಾಕ್ಯದ ಕೊನೆಗೆ ಪ್ರಿಪೋಸಿಷನ್ ಬರಬಾರದೆಂದು 1672ರಲ್ಲಿ ಕವಿ ಜಾನ್ ಡ್ರೈಡನ್ ಆಕ್ಷೇಪ ಎತ್ತಿದ. ಅಲ್ಲಿಂದ ಮುಂದೆ ಎಷ್ಟೋ ತಲೆಮಾರುಗಳ ಮೇಷ್ಟ್ರುಗಳು ಅದನ್ನು ಶಾಸನದಂತೆ ಪಾಲಿಸಿದರು. ಮಾತನಾಡುವ ಜನ ಮಾತ್ರ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನಾನು ತರಗತಿಯಲ್ಲಿ ಕ್ರಿಯಾಪದವನ್ನು ಒಂಟಿಯಾಗಿ ಬರೆಯುವುದನ್ನು ಬಿಟ್ಟಿದ್ದೇನೆ. ‘ಪಿಕ್ ಅಪ್’ ಎಂದು ಬರೆಯುವ ಬದಲು ‘ಪಿಕ್ ಇಟ್ ಅಪ್’ ಎಂದೂ, ‘ಲುಕ್ ಆಫ್ಟರ್’ ಎಂದು ಬರೆಯುವ ಬದಲು ‘ಲುಕ್ ಆಫ್ಟರ್ ಹರ್’ ಎಂದೂ, ‘ಎಕ್ಸ್‌ಪ್ಲೇನ್’ ಬದಲು ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಎಂದೂ ಸರ್ವನಾಮ ಸಮೇತ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಬೇಕು, ಹಾಗೆಯೇ ಬಾಯಲ್ಲಿ ಹೇಳಬೇಕು. ಉಪಾಯ ನನ್ನದಲ್ಲ. 1920ರ ದಶಕದಿಂದ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ, ಕಲಿಯುವವರು ‘ಟೆಲ್ ಮಿ’ಯನ್ನು ನೋಡಿ ‘ಎಕ್ಸ್‌ಪ್ಲೇನ್ ಮಿ’ ಎಂದು ಬರೆಯುವಂಥ ತಪ್ಪುಗಳನ್ನು ಗಮನಿಸಿದವನು. ಪ್ರತಿ ಕ್ರಿಯಾಪದವೂ ತನ್ನ ಹಿಂದೆ ಏನೇನನ್ನು ಯಾವ ಕ್ರಮದಲ್ಲಿ ಕರೆತರುತ್ತದೆ ಎಂಬುದನ್ನು ತಾನು ರೂಪಿಸಿದ ನಿಘಂಟಿನಲ್ಲಿ ನಮೂದಿಸಿದ. ಅದು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಇಂದು ನಮ್ಮ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿರುವ ವಿದ್ಯಾರ್ಥಿ ನಿಘಂಟು ಅದರ ಸಂತಾನವೇ. ಕಪಾಟಿಗೆ ಬೀಗ ಹಾಕಿರುತ್ತೇವೆ ಎಂಬುದು ಬೇರೆ ಮಾತು.

ಆ ಹುಡುಗಿಯನ್ನು ಕರೆದು ಗುಡ್ಡ ಮತ್ತು ಬಾಕಿಯ ಕಥೆಯನ್ನು ಹೇಳಿ, ಅರ್ಧ ಅಂಕವನ್ನು ಹಿಂದಿರುಗಿಸಿದೆ. ‘ಇಟ್’ ಹಾಕಿ ನೋಡು, ಮಧ್ಯೆ ಕೂತರೆ ಒಂದು ಜಾತಿ, ಕೊನೆಗೆ ಹೋದರೆ ಇನ್ನೊಂದು ಎಂದೆ. ತಲೆಯಾಡಿಸಿ ಹೋದಳು. ಮಾರನೆಯ ದಿನ ಬೀಗ ತೆಗೆಸಿ ನಿಘಂಟನ್ನೇ ಎತ್ತಿಕೊಂಡು ಬಂದು, ‘ರನ್ ಓವರ್’ ಎಂಬ ಕಡೆ ಬೆರಳಿಟ್ಟು, ‘ಮೇಡಂ, ಲಾರಿ ನಾಯಿ ಮೇಲೆ ಹರಿದರೆ ರ್‍ಯಾನ್ ಇಟ್ ಓವರ್ ಅಂತಲೋ, ರ್‍ಯಾನ್ ಓವರ್ ಇಟ್ ಅಂತಲೋ?’ ಎಂದು ಕೇಳಿದಳು. ಎರಡನ್ನೂ ಹೇಳುತ್ತಾರಮ್ಮ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ನೋಟ್‌ಬುಕ್ಕಿನಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಕೆಳಗೆ ನನ್ನ ಹಾಗೆಯೇ ಎರಡು ಗೆರೆ ಎಳೆದಳು.